ಸೋರೆ, ದಂಡಿಗೆ ಮತ್ತು ಅತ್ತೆಯ ವೀಣೆ

ಅತ್ತೆಯ ವೀಣೆಯ ಕೊಡದಲ್ಲಿ ಮೊದಲ ಬಿರುಕು ಕಾಣಿಸಿದ್ದು ಹನ್ನೆರಡು ವರ್ಷಗಳ ಹಿಂದೆ. ಅದಕ್ಕೆ ಅಂಟು ಮೆತ್ತಿದವನು ನಾನೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಟ್ಯೂಬುಗಳಲ್ಲಿ ಸಿಗುವ ಎಪಾಕ್ಸಿಯನ್ನು ಬೆಂಕಿಕಡ್ಡಿಯಿಂದ ಕಲಸಿ, ಬಿರುಕಿನ ಉದ್ದಕ್ಕೂ ತುಂಬಿ, ಮೇಲೆ ಕಂದು ಪಾಲಿಶ್ ಬಳಿದು, ‘ಈಗ ಗೊತ್ತೇ ಆಗಲ್ಲ ನೋಡಿ ಅತ್ತೆ’ ಎಂದು ಹೆಮ್ಮೆಪಟ್ಟಿದ್ದೆ. ಈ ಬೇಸಿಗೆಯಲ್ಲಿ ಆ ಅಂಟಿನ ಪಕ್ಕದಲ್ಲೇ ಗೇಣುದ್ದದ ಹೊಸ ಬಿರುಕು ಬಾಯಿಬಿಟ್ಟಿತು. ನಾನು ತುಂಬಿದ್ದು ಮಾತ್ರ ಕಲ್ಲಿನಂತೆ ಹಾಗೇ ಇತ್ತು.

ಅತ್ತೆಗೆ ಈಗ ಎಂಬತ್ತೊಂದು. ಮೈಸೂರಿನಲ್ಲಿದ್ದಾಗ, ಮದುವೆಗೆ ಮುಂಚೆ, ಏಳೆಂಟು ವರ್ಷ ಶ್ರದ್ಧೆಯಿಂದ ವೀಣೆ ಕಲಿತವರು. ಆಮೇಲೆ ಮಾವನವರಿಗೆ ವರ್ಗವಾದ ಊರಿಗೆಲ್ಲ ವೀಣೆಯೂ ಹಳೆಯ ಜಮಖಾನ ಸುತ್ತಿಕೊಂಡು ಹೋಯಿತು, ಬಂದಿತು, ಬೀರುವಿನ ಮೇಲೆ ಮಲಗಿತು. ಈಗ ಅವರ ಬೆರಳ ಗಂಟುಗಳು ಊದಿಕೊಂಡಿವೆ, ತಂತಿ ಒತ್ತಲಾಗದು. ಆದರೂ ರಿಪೇರಿಯ ಮಾತೆತ್ತಿದವರು ಅವರೇ. ಮಹಡಿ ಮನೆಯ ಹುಡುಗಿ ವೀಣೆ ಪಾಠಕ್ಕೆ ಸೇರಿದ್ದಾಳೆ, ಬಾಡಿಗೆ ವೀಣೆಯಲ್ಲಿ ಅಭ್ಯಾಸ ಮಾಡುತ್ತಾಳೆ, ಇದನ್ನು ಅವಳಿಗೆ ಕೊಡೋಣ ಎಂದರು.

ವೀಣೆಗೆ ಜಮಖಾನ ಸುತ್ತುತ್ತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: ‘ಮೈಯನ್ನ ದಂಡಿಗೆ ಮಾಡು ಅನ್ನೋ ಬಸವಣ್ಣನ ವಚನ ಪಾಠ ಮಾಡ್ತೀಯಲ್ಲ, ದಂಡಿಗೆ ಅಂದ್ರೆ ಇದರಲ್ಲಿ ಯಾವುದು, ತೋರಿಸು ನೋಡೋಣ.’ ದಂಡಿಯನ್ನು ತೋರಿಸಿದೆ. ‘ಸೋರೆ?’ ದೊಡ್ಡ ಕೊಡವನ್ನು ಮುಟ್ಟಿದೆ. ಅತ್ತೆ ನಕ್ಕರು. ‘ಅದು ಹಲಸು ಕಣೋ. ಸೋರೆ ಈ ಕಡೆ ಇರೋದು’ ಎಂದು ಯಾಳಿಯ ಮುಖದ ಬಳಿ, ದಂಡಿಯ ಕೆಳಗೆ ಸಿಕ್ಕಿಸಿದ್ದ ಚಿಕ್ಕ ಬುರುಡೆಯನ್ನು ತೋರಿಸಿದರು. ‘ಇದನ್ನ ತೆಗೆದಿಟ್ಟರೂ ವೀಣೆ ನುಡಿಯತ್ತೆ. ಈಗಂತೂ ಕಾಗದದ ರದ್ದಿನಲ್ಲೂ ಮಾಡ್ತಾರೆ.’

ಹದಿನೆಂಟು ವರ್ಷ ತರಗತಿಯಲ್ಲಿ ವಿವರಿಸಿದ ರೂಪಕದಲ್ಲಿ ತಲೆಯನ್ನು ವಾದ್ಯದ ಯಾವ ಭಾಗಕ್ಕೆ ಹೋಲಿಸಿದ್ದಾರೆ ಎಂಬುದೇ ನನಗೆ ತಿಳಿದಿರಲಿಲ್ಲ ಎಂದಾಯಿತು. ಅದಕ್ಕಿಂತ ಮುಜುಗರದ್ದು ಇನ್ನೊಂದಿತ್ತು. ಅತ್ತೆ ತೋರಿಸಿದ ಬುರುಡೆಯೇ ವಚನದ ಸೋರೆಯಾದರೆ, ತೆಗೆದಿಟ್ಟರೂ ನಡೆಯುವ ವಸ್ತುವಿಗೆ ಬಸವಣ್ಣ ತಲೆಯನ್ನು ಯಾಕೆ ಹೋಲಿಸಿದರು?

ಈ ಪ್ರಶ್ನೆಯನ್ನೂ ವೀಣೆಯನ್ನೂ ಹೊತ್ತುಕೊಂಡೇ ಹಳೇ ಬಡಾವಣೆಯ ಗಲ್ಲಿಯೊಂದರಲ್ಲಿದ್ದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯೆಂದರೆ ಮನೆಯ ಮುಂದಿನ ಹಜಾರ. ಗೋಡೆಗೆ ಒರಗಿಸಿದ ತಂಬೂರಿಗಳು, ಕಿಟಕಿಯಲ್ಲಿ ಮೇಣದ ಉಂಡೆಗಳು, ನೆಲದ ತುಂಬ ಹಲಸಿನ ಹೊಟ್ಟು. ತಂಜಾವೂರಾಗಲಿ, ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವಾಗಲಿ, ವೀಣೆ ಮಾಡುವವರು ಹೆಚ್ಚಾಗಿ ನೆಚ್ಚುವುದು ಹಲಸನ್ನೇ. ಕಡಿದಾಗ ಅರಿಶಿನದ ಬಣ್ಣ, ವರ್ಷಗಳು ಹೋದಂತೆ ಕಂದು. ಆಚಾರ್ರು ಮೊದಲು ತಂತಿಗಳನ್ನೆಲ್ಲ ಸಡಿಲಿಸಿದರು. ಕುದುರೆಯನ್ನು ಎತ್ತಿಟ್ಟರು. ಬೆರಳ ಗೆಣ್ಣಿನಿಂದ ಕೊಡವನ್ನು ಸುತ್ತಲೂ ತಟ್ಟುತ್ತ ಬಂದರು. ಬಿರುಕಿನ ಹತ್ತಿರ ಬಂದಾಗ ಸದ್ದು ಸತ್ತಿತು.

‘ಮೇಷ್ಟ್ರೇ, ಈ ಕಲ್ಲು ತುಂಬಿದೋರು ಯಾರು?’

ಒಪ್ಪಿಕೊಂಡೆ. ಅವರು ಬೈಯಲಿಲ್ಲ. ‘ಮರ ಮಳೆಗಾಲದಲ್ಲಿ ಹಿಗ್ಗುತ್ತೆ, ಬೇಸಿಗೇಲಿ ಕುಗ್ಗುತ್ತೆ. ನೀವು ಹಾಕಿದ್ದು ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. ಅದರ ಜೊತೆ ಜಗ್ಗಾಡಿ ಮರಾನೇ ಸೋತು ಪಕ್ಕದಲ್ಲಿ ಒಡೀತು’ ಎಂದರು. ಅವರು ಬಳಸುವುದು ಕಾಯಿಸಿ ಹಚ್ಚುವ ಹಳೆಯ ಕಾಲದ ಅಂಟು. ಬಿಸಿಯೂ ತೇವವೂ ತಾಗಿದರೆ ಅದು ಮತ್ತೆ ಬಿಡುತ್ತದೆ. ಬಿಡುವುದು ದೋಷವಲ್ಲವೇ ಎಂದು ಕೇಳಿದೆ. ‘ನನ್ನ ಆದಮೇಲೆ ಇನ್ನೊಬ್ಬ ಬಿಚ್ಚಬೇಕಲ್ಲ’ ಎಂದರು.

ನಮ್ಮ ಮನೆಯಲ್ಲಿ ಈ ವೀಣೆಯ ಬಗ್ಗೆ ಒಂದು ಹೆಮ್ಮೆಯ ಮಾತಿತ್ತು: ಇದು ಏಕಾಂಡ ವೀಣೆ, ಕೊಡ, ದಂಡಿ ಎಲ್ಲ ಒಂದೇ ಮರದ ದಿಮ್ಮಿಯಿಂದ ಕೊರೆದದ್ದು ಎಂದು. ಆಚಾರ್ರು ಕೊಡವೂ ದಂಡಿಯೂ ಕೂಡುವಲ್ಲಿದ್ದ ಅಲಂಕಾರದ ಪಟ್ಟಿಯನ್ನು ಉಗುರಿನಿಂದ ಮೀಟಿ ತೋರಿಸಿದರು. ಅದರಡಿಯಲ್ಲಿ ಸಣ್ಣ ಗೆರೆ. ಜೋಡಿಸಿದ ವೀಣೆ, ತಂಜಾವೂರಿನ ಕಡೆ ಒಟ್ಟು ವೀಣೆ ಎನ್ನುತ್ತಾರಂತೆ. ನನ್ನ ಮುಖ ಸಪ್ಪಗಾದದ್ದು ಕಂಡಿರಬೇಕು. ‘ಒಂದೇ ಮರ ಆಗಿದ್ದಿದ್ರೆ ಬಿರುಕು ದಂಡಿಗೆ ಹತ್ತಿರೋದು. ಜೋಡಣೆ ಇತ್ತು, ಅಲ್ಲಿಗೇ ನಿಂತ್ಕೊಂಡಿದೆ’ ಎಂದರು.

ಆಮೇಲೆ ನಿಜವಾದ ತೀರ್ಮಾನ. ಹೊಸ ಕೊಡ ಮಾಡಿ ಕೂರಿಸಿದರೆ ಗಟ್ಟಿಯಾಗಿರುತ್ತದೆ, ಆದರೆ ನಾದ ಹೊಸದೇ. ಹಳೆಯದನ್ನೇ ಉಳಿಸಬೇಕಾದರೆ ಮೇಲಿನ ಹಲಗೆ ಬಿಚ್ಚಬೇಕು, ಎಪಾಕ್ಸಿಯನ್ನು ಕೊರೆದು ತೆಗೆಯಬೇಕು, ಬಿರುಕಿಗೆ ಹಲಸಿನ ಚಕ್ಕೆ ಕೂರಿಸಬೇಕು, ಒಳಗಿನಿಂದ ಅಡ್ಡಪಟ್ಟಿ ಕೊಡಬೇಕು. ಹಲಗೆ ಬಿಚ್ಚುವಾಗ ಸೀಳಲೂಬಹುದು. ಮತ್ತೆ ಮುಚ್ಚಿದ ಮೇಲೆ ಮೊದಲಿನ ನಾದ ಬರುತ್ತದೆಂದು ಹೇಳಲಾಗದು. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ‘ಹೊಸದು ಬೇಕಿದ್ರೆ ಆ ಹುಡುಗಿ ಹೊಸ ವೀಣೆನೇ ತಗೋತಾಳೆ. ಬಿಚ್ಚೋಕೆ ಹೇಳು’ ಎಂದು ಫೋನಿಟ್ಟರು. ಒಂದೂವರೆ ತಿಂಗಳು ಬೇಕು ಎಂದರು ಆಚಾರ್ರು. ಆ ಒಂದೂವರೆ ತಿಂಗಳಲ್ಲಿ ನಾನು ಮಾಡಿದ್ದು ನನ್ನ ಹಳೆಯ ಪಾಠದ ಟಿಪ್ಪಣಿಯನ್ನು ಬಿಚ್ಚುವ ಕೆಲಸ.

ವಚನ ನಿಮಗೆ ಗೊತ್ತಿರುವುದೇ. ದೇಹವನ್ನು ದಂಡಿಗೆಯಾಗಿ, ತಲೆಯನ್ನು ಸೋರೆಯಾಗಿ, ನರಗಳನ್ನು ತಂತಿಯಾಗಿ, ಬೆರಳುಗಳನ್ನು ಕಡ್ಡಿಯಾಗಿ ಮಾಡಿಕೊಂಡು, ಎದೆಗೊತ್ತಿ ನುಡಿಸು ಎಂದು ಕೂಡಲಸಂಗಮದೇವನನ್ನು ಕೇಳುವ ವಚನ. ನನ್ನ ಟಿಪ್ಪಣಿಯ ಸಾರ ಇಷ್ಟು: ಇದು ಶರಣಾಗತಿಯ ಪರಾಕಾಷ್ಠೆ, ಇಲ್ಲಿ ‘ನಾನು’ ಅಳಿದು ಉಪಕರಣ ಮಾತ್ರ ಉಳಿಯುತ್ತದೆ, ಬಿಡಿ ಅಂಗಗಳೆಲ್ಲ ಸೇರಿ ಅಖಂಡ ವೀಣೆಯಾಗುತ್ತವೆ. ಪರೀಕ್ಷೆಯಲ್ಲಿ ಇದನ್ನೇ ಬರೆದ ಮಕ್ಕಳಿಗೆ ಹತ್ತಕ್ಕೆ ಎಂಟು ಕೊಟ್ಟಿದ್ದೇನೆ.

ಮೊದಲನೆಯದಾಗಿ, ವಚನದಲ್ಲಿ ವೀಣೆ ಎಂಬ ಪದವೇ ಇಲ್ಲ. ಬಿಡಿಭಾಗಗಳಿವೆ, ವಾದ್ಯದ ಹೆಸರಿಲ್ಲ. ವೀಣೆಯನ್ನು ತಂದು ತುಂಬಿದವರು ನಾವು. ಎ.ಕೆ. ರಾಮಾನುಜನ್ ಕೂಡ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ‘ಲ್ಯೂಟ್’ ಎಂಬ ಹೆಸರನ್ನು ಸೇರಿಸಿಕೊಂಡಿದ್ದಾರೆ. ಇಂಗ್ಲಿಷ್ ಓದುಗನಿಗೆ ದಂಡಿಗೆ ಯಾವುದರ ದಂಡಿಗೆ ಎಂದು ಹೇಳಲೇಬೇಕಿತ್ತು ಎಂಬುದು ಸರಿ. ಕನ್ನಡದ ಓದುಗನಿಗೂ ಅದೇ ಸೌಕರ್ಯ ಬೇಕೆಂದು ನಾನು ಯಾಕೆ ಅಂದುಕೊಂಡೆನೋ.

ಇಂದು ನಾವು ವೀಣೆ ಎಂದು ಕರೆಯುವ, 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿದ, ಮರದ ಕೊಡದ ವಾದ್ಯದ ರೂಪವನ್ನು ಸಂಪ್ರದಾಯವು 17ನೇ ಶತಮಾನದ ಆರಂಭದಲ್ಲಿದ್ದ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ ಸೇರಿಸುತ್ತದೆ. ಬಸವಣ್ಣ ಬದುಕಿದ್ದು 12ನೇ ಶತಮಾನದಲ್ಲಿ. ಆ ಕಾಲದ ವಾದ್ಯಗಳ ಚಿತ್ರ ಬೇಕಿದ್ದರೆ ನೋಡಬೇಕಾದದ್ದು ಶಾರ್ಙ್ಗದೇವನ ‘ಸಂಗೀತರತ್ನಾಕರ’. ಕಲ್ಯಾಣದ ಕ್ರಾಂತಿಯಾಗಿ ಒಂದೆರಡು ತಲೆಮಾರು ಕಳೆದ ಮೇಲೆ, ಯಾದವ ದೊರೆ ಸಿಂಘಣನ ಆಶ್ರಯದಲ್ಲಿ, ದೇವಗಿರಿಯಲ್ಲಿ ಬರೆದ ಗ್ರಂಥ ಅದು. ಅದರಲ್ಲಿ ಏಕತಂತ್ರಿ, ಆಲಾಪಿನಿ, ಕಿನ್ನರಿ ಮುಂತಾದ ವೀಣೆಗಳ ವರ್ಣನೆಯಿದೆ. ಈ ಮೂರರಲ್ಲೂ ಇರುವುದು ಒಂದು ಕೋಲು, ಅದಕ್ಕೆ ಕಟ್ಟಿದ ಸೋರೆ, ಮೇಲೆ ತಂತಿ. ಮರದ ಕೊಡವಿಲ್ಲ. ಅಂದರೆ ಸೋರೆ ಅಲ್ಲಿ ಅಲಂಕಾರವಲ್ಲ, ತೆಗೆದಿಟ್ಟರೆ ನಡೆಯುವ ವಸ್ತುವಲ್ಲ. ನಾದವೆಲ್ಲ ತುಂಬಿಕೊಳ್ಳುವುದು ಅದರಲ್ಲೇ. ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು: ಅವರ ವೀಣೆಯೂ ಬಸವಣ್ಣನ ವಾದ್ಯವೂ ಬೇರೆಬೇರೆ.

ಇವುಗಳಲ್ಲಿ ಕಿನ್ನರಿ ಕಲ್ಯಾಣದಲ್ಲೇ ಇತ್ತು. ಅದನ್ನು ನುಡಿಸುತ್ತಿದ್ದ ಶರಣನೊಬ್ಬನ ಹೆಸರೇ ಕಿನ್ನರಿ ಬೊಮ್ಮಯ್ಯ. ಭಾರತದ ಕಥೆ ಹಾಡುವ ಕಿನ್ನರಿ ಜೋಗಿಗಳ ಹೆಗಲಲ್ಲಿ ಅದು ನಮ್ಮ ಕಾಲಕ್ಕೂ ಬಂದಿದೆ. (ಬ್ರೌನಿಂಗ್‌ನ ಕೊಳಲಿನವನನ್ನು ಕುವೆಂಪು ಬೊಮ್ಮನಹಳ್ಳಿಗೆ ಕರೆತಂದಾಗ ಅವನ ಕೈಗೆ ಕೊಟ್ಟದ್ದು ಈ ಕಿಂದರಿಯನ್ನೇ. ಊದುವ ವಾದ್ಯವೊಂದು ಕನ್ನಡಕ್ಕೆ ಬರುವಾಗ ತಂತಿವಾದ್ಯವಾದದ್ದರ ಬಗ್ಗೆ ಯಾರಾದರೂ ವಿದ್ಯಾರ್ಥಿ ಒಳ್ಳೆಯ ಸೆಮಿನಾರ್ ಪ್ರಬಂಧ ಬರೆಯಬಹುದು.) ದಂಡಿಗೆ ಎಂಬ ಪದವೂ ಸುಮ್ಮನಿರಲಿಲ್ಲ. ದಾಸರ ಕಾಲಕ್ಕೆ ಅದು ಭಾಗದ ಹೆಸರಾಗಿ ಉಳಿಯದೆ ಇಡೀ ವಾದ್ಯದ ಹೆಸರಾಗಿತ್ತು. ದಂಡಿಗೆ ಹಿಡಿಯಲು ಒಂದು ಕಾಲಕ್ಕೆ ನಾಚಿದ್ದನ್ನು ಪುರಂದರದಾಸರು ಹಾಡಿಕೊಂಡದ್ದು ನೆನಪಾಗುತ್ತದೆ.

ಈಗ ಸೋರೆಗೆ ಬರೋಣ. ಮಾಡು ಎಂಬ ಕ್ರಿಯಾಪದ ವಚನದಲ್ಲಿ ಮತ್ತೆ ಮತ್ತೆ ಬರುತ್ತದೆ, ನುಡಿಸುವ ಮಾತು ಆಮೇಲೆ. ನಾನು ಇಷ್ಟು ವರ್ಷ ನೇರವಾಗಿ ನುಡಿಸುವುದಕ್ಕೆ ಹಾರುತ್ತಿದ್ದೆ. ಸೋರೆಯನ್ನು ವಾದ್ಯಕ್ಕೆ ಬರುವಂತೆ ಮಾಡುವುದು ಹೇಗೆಂದು ಆಚಾರ್ರನ್ನು ಕೇಳಿದೆ. ಬಳ್ಳಿಯಲ್ಲೇ ಬಲಿಯಬೇಕು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಬೇಕು, ಕೊಯ್ದು ತಿರುಳು ಬೀಜ ಎಲ್ಲ ಕೆರೆದು ತೆಗೆಯಬೇಕು, ಒಳಗೆ ಚೂರು ತಿರುಳು ಉಳಿದರೂ ಹುಳು ಬೀಳುತ್ತದೆ, ನಾದ ಮಂಕಾಗುತ್ತದೆ ಎಂದರು. ತಲೆಯನ್ನು ಸೋರೆಯಾಗಿ ಮಾಡು ಎಂದರೆ ತಲೆಯನ್ನು ಕೆರೆದು ಖಾಲಿ ಮಾಡು ಎಂದೇ ಅರ್ಥ. ಬಿಜ್ಜಳನ ಭಂಡಾರದ ಲೆಕ್ಕವನ್ನೆಲ್ಲ ತಲೆಯಲ್ಲಿ ಹೊತ್ತಿದ್ದ ಮನುಷ್ಯ ಹೀಗೆ ಕೇಳಿಕೊಳ್ಳುವುದಕ್ಕೆ ಬೇರೆಯೇ ತೂಕ ಇದೆ. ‘ಅಹಂ ಅಳಿಯಿತು’ ಎಂಬ ನನ್ನ ಟಿಪ್ಪಣಿಯಲ್ಲಿ ನೋವಿನ ಸುಳಿವೇ ಇರಲಿಲ್ಲ. ಕೆರೆಯುವ ಚಾಕು ಇರಲಿಲ್ಲ.

ಕಡ್ಡಿಯ ವಿಷಯ ಅಷ್ಟು ಸುಲಭವಲ್ಲ. ರಾಮಾನುಜನ್ ಅದನ್ನು ಮೀಟುವ ಕಡ್ಡಿ ಎಂದೇ ತೀರ್ಮಾನಿಸಿದ್ದಾರೆ. ಆದರೆ ಏಕತಂತ್ರಿಗೆ ಕಮ್ರಿಕಾ ಎಂಬ ಬಿದಿರಿನ ತುಂಡೊಂದಿದೆ. ಅದನ್ನು ಎಡಗೈಯಲ್ಲಿ ಹಿಡಿದು ತಂತಿಯ ಮೇಲೆ ಜಾರಿಸಿ ಸ್ವರ ಹುಡುಕುತ್ತಾರೆ. ಮೀಟುವ ಕಡ್ಡಿಯಾದರೆ ಬೆರಳು ಸದ್ದನ್ನು ಎಬ್ಬಿಸುತ್ತದೆ. ಜಾರುವ ಕಡ್ಡಿಯಾದರೆ ಆ ಸದ್ದು ಯಾವ ಸ್ವರ ಎಂದು ನಿರ್ಧರಿಸುತ್ತದೆ. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ, ಆದರೆ ಹಿಡಿಸುತ್ತದೆ ಎಂಬುದು ಪುರಾವೆಯಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಎದೆ. ಈಗಿನ ವೀಣೆಯನ್ನು ಎದೆಗೆ ಒತ್ತುವುದಿಲ್ಲ. ಕೊಡ ನೆಲದ ಮೇಲಿರುತ್ತದೆ, ದಂಡಿ ತೊಡೆಗಡ್ಡವಾಗಿರುತ್ತದೆ. ಹಾಗಾಗಿ ಎದೆಗೊತ್ತುವ ಮಾತನ್ನು ನಾನು ಬರೀ ಅಪ್ಪುಗೆ ಎಂದು ಓದಿದ್ದೆ. ಭಕ್ತಿಯಲ್ಲಿ ಅಪ್ಪುಗೆ ಸಹಜ, ಮುಂದಕ್ಕೆ ಹೋಗೋಣ. ಆದರೆ ಆಲಾಪಿನಿಯ ಸೋರೆಯನ್ನು ಆನಿಸುವುದೇ ಎದೆಗೆ. ಕಾಂಬೋಡಿಯಾದಲ್ಲಿ ಕ್ಸೆ ದಿಯೇವ್ ಎಂಬ ಒಂಟಿ ತಂತಿಯ ಕೋಲುವಾದ್ಯ ಈಗಲೂ ಬಳಕೆಯಲ್ಲಿದೆ, ನಮ್ಮ ಹಳೆಯ ಕೋಲುವೀಣೆಗಳ ಕುಲದ್ದೇ. ಅದನ್ನು ನುಡಿಸುವ ವಿಡಿಯೊ ಒಂದನ್ನು ಹುಡುಕಿ ನೋಡಿದೆ. ಅರ್ಧ ಕೊಯ್ದ ಸೋರೆ, ಅದರ ಬಾಯಿ ತೆರೆದೇ ಇದೆ. ನುಡಿಸುವಾತ ಆ ಬಾಯಿಯನ್ನು ಬರಿಯ ಎದೆಗೆ ಒತ್ತುತ್ತಾನೆ, ತುಸು ಬಿಡುತ್ತಾನೆ, ಮತ್ತೆ ಒತ್ತುತ್ತಾನೆ. ಒತ್ತಿದಾಗ ನಾದ ಮುಚ್ಚಿಕೊಳ್ಳುತ್ತದೆ, ಬಿಟ್ಟಾಗ ಅರಳುತ್ತದೆ. ಆ ವಾದ್ಯಕ್ಕೆ ಮುಚ್ಚಳವಿಲ್ಲ. ನುಡಿಸುವವನ ಎದೆಯೇ ಮುಚ್ಚಳ.

ಬಸವಣ್ಣನ ಮನಸ್ಸಿನಲ್ಲಿದ್ದದ್ದು ಈ ಬಗೆಯ ವಾದ್ಯವಾದರೆ, ಖಾಲಿಯಾದ ತಲೆಯ ತೆರೆದ ಬಾಯಿ ದೇವರ ಎದೆಯ ಮೇಲಿದೆ. ಒಬ್ಬ ಅಳಿದು ಇನ್ನೊಬ್ಬ ಉಳಿಯುವ ಚಿತ್ರವಲ್ಲ ಅದು. ನುಡಿಸುವವನು ದೂರ ಕೂತು ಉಪಕರಣವನ್ನು ಬಳಸುವಂತಿಲ್ಲ. ತನ್ನ ಮೈಯನ್ನೂ ವಾದ್ಯಕ್ಕೆ ಕೊಡಬೇಕು. ಭಕ್ತ ಅರ್ಧ ವಾದ್ಯ, ದೇವರು ಉಳಿದರ್ಧ. ಇಷ್ಟು ಸಲಿಗೆಯ ಬೇಡಿಕೆಯನ್ನು ನಾನು ಶರಣಾಗತಿ ಎಂಬ ಒಂದು ಪದದಲ್ಲಿ ಮುಚ್ಚಿಹಾಕಿದ್ದೆ, ಎಪಾಕ್ಸಿಯ ಹಾಗೆ.

ಎದುರುವಾದವನ್ನೂ ನಾನೇ ಹೇಳಿಬಿಡುತ್ತೇನೆ. ವಾದ್ಯ ಕಿನ್ನರಿಯಾಗಿದ್ದರೆ ಅದಕ್ಕೆ ಒಂದಕ್ಕಿಂತ ಹೆಚ್ಚು ಸೋರೆ, ತಲೆಯೋ ಒಂದೇ. ಹಾಗಾದರೆ ಎದೆಯ ಮಾತು ಬರೀ ಅಪ್ಪುಗೆಯೇ ಆಗಿರಬಹುದು. ಆದರೆ ನನ್ನ ಓದಿನಲ್ಲಿ ಅಪ್ಪುಗೆ ಕಳೆದುಹೋಗುವುದಿಲ್ಲ, ಅದಕ್ಕೊಂದು ಕೆಲಸ ಸಿಗುತ್ತದೆ. ಹಳೆಯ ಓದಿನಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಇನ್ನು, ಬಿಡಿ ಅಂಗಗಳು ಸೇರಿ ಅಖಂಡವಾಗುತ್ತವೆ ಎಂದು ಬರೆಸಿದ್ದೆನಲ್ಲ, ಅದನ್ನಂತೂ ಹೊಡೆದುಹಾಕಿದೆ. ಕವಿತೆಯೆಂದರೆ ಏಕಾಂಡವಾಗಿರಬೇಕು ಎಂಬುದು ನಾವು ಎಂ.ಎ. ಓದುವಾಗ ಕಲಿತ ಪಾಠ. ಸಾವಯವ ಸಮಗ್ರತೆ ಎಂಬ ಪದವನ್ನು ಎಷ್ಟು ಸಲ ಬರೆದಿದ್ದೇನೋ. ಈ ವಚನ ಕೋಲು ಒಂದು ಕಡೆ, ಸೋರೆ ಒಂದು ಕಡೆ, ತಂತಿ ಒಂದು ಕಡೆ ಎಂದು ಗೆರೆ ಎದ್ದು ಕಾಣುವಂತೆಯೇ ಜೋಡಿಸಿಕೊಂಡಿದೆ. ಆ ಗೆರೆಗಳ ಮೇಲೆ ಅಲಂಕಾರದ ಪಟ್ಟಿ ಹೊಡೆಯುವ ಅಗತ್ಯವಿಲ್ಲ.

ವೀಣೆಯ ಬಗ್ಗೆ ಬರೆದ ನಮ್ಮ ವಿಮರ್ಶೆಯೆಲ್ಲ ತಂತಿಯ ಸುತ್ತಲೇ ಸುತ್ತುತ್ತದೆ ಎಂದೂ ಈ ನಡುವೆ ಅನ್ನಿಸಿತು. ಬೇಂದ್ರೆಯವರ ‘ನಾಕುತಂತಿ’ (1964) ಕುರಿತು ಓದಿದ್ದಕ್ಕೆ ಲೆಕ್ಕವಿಲ್ಲ. ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು, ಪಕ್ಕದಲ್ಲಿ ತಾಳಕ್ಕೆ ಮೂರು, ಒಟ್ಟು ಏಳು. ಭಾವಗೀತೆಗಳಲ್ಲಿ ಮುರಿಯುವುದೂ ತಂತಿಯೇ. ಮರ ಸೀಳಿದ್ದನ್ನು ನಾನು ಎಲ್ಲೂ ಓದಿದ ನೆನಪಿಲ್ಲ. ತಂತಿ ಹೋದರೆ ಹತ್ತು ನಿಮಿಷದಲ್ಲಿ ಹೊಸದು ಬಿಗಿಯಬಹುದು. ದುಃಖಕ್ಕೆ ಅದು ಅಗ್ಗದ ರೂಪಕ.

ಈ ಹೊಸ ಓದನ್ನು ಉತ್ಸಾಹದಿಂದ ಅತ್ತೆಯ ಮುಂದೆ ಹೇಳಿದೆ. ಕಾಂಬೋಡಿಯಾದ ವಿಡಿಯೊವನ್ನೂ ತೋರಿಸಿದೆ. ಅವರು ಕೊನೆಯವರೆಗೂ ನೋಡಿ, ಫೋನನ್ನು ಹಿಂದಿರುಗಿಸಿ ಹೇಳಿದರು: ‘ಚೆನ್ನಾಗಿದೆ. ಆದರೆ ವೀಣೆ ಆಗೋದು ಒಂದು, ನುಡಿಸೋರು ಬರೋದು ಇನ್ನೊಂದು. ಅವನು ಬಂದನಾ ಅಂತ ವಚನದಲ್ಲಿ ಎಲ್ಲಿದೆ?’

ಇಲ್ಲ. ಎಲ್ಲ ಕ್ರಿಯಾಪದಗಳೂ ಬೇಡಿಕೆಗಳು: ಮಾಡು, ಮಾಡು, ಮಾಡು, ಹಾಡು, ನುಡಿಸು. ಮಾಡಿದ, ನುಡಿಸಿದ ಎಂಬುದು ಎಲ್ಲೂ ಇಲ್ಲ. ವಚನ ಮುಗಿಯುವುದು ದೇವರ ಹೆಸರು ಹಿಡಿದು ಕರೆಯುವಲ್ಲಿ. ನಾವು ಅದನ್ನು ರಾಗ ಹಾಕಿ ಎಷ್ಟು ಹಾಡಿದ್ದೇವೆಂದರೆ ವಚನದೊಳಗೇ ಸಂಗೀತವಿದೆ ಎಂದು ನಂಬಿಬಿಟ್ಟಿದ್ದೇವೆ. ಒಳಗಿರುವುದು ಮೌನ. ವಾದ್ಯವಾಗಲು ಒಪ್ಪಿದವನೊಬ್ಬ ಇನ್ನೂ ಕಾಯುತ್ತಿದ್ದಾನೆ. ಬೇರೆ ವಚನಗಳಲ್ಲಿ ಆ ಕಾಯುವಿಕೆಗೆ ಏನಾಯಿತು ಎಂಬುದು ಬೇರೆ ಮಾತು. ಈ ವಚನ ಅಲ್ಲಿಗೇ ನಿಲ್ಲುತ್ತದೆ. ಐವತ್ತಕ್ಕೂ ಹೆಚ್ಚು ವರ್ಷ ಬೀರುವಿನ ಮೇಲೆ ವೀಣೆ ಇಟ್ಟುಕೊಂಡವರಿಗೆ ಇದು ಮೊದಲ ಓದಿಗೇ ಕಂಡಿತ್ತು. ‘ನೀವು ಯಾಕೆ ಬಿಟ್ಟಿರಿ?’ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರ ಮನೆಯಲ್ಲಿ ಬೆಳೆದವನಾಗಿ ನನಗೆ ಉತ್ತರ ಗೊತ್ತಿದೆ. ಕೇಳಿದ್ದರೆ ನನ್ನನ್ನೂ ಸೇರಿಸಿ ಐದಾರು ಹೆಸರು ಹೇಳಬೇಕಾಗುತ್ತಿತ್ತು.

ವೀಣೆ ಆಷಾಢದ ಮೊದಲ ವಾರ ಬಂತು. ಕೂರಿಸಿದ ಚಕ್ಕೆ ಹೊಸ ಹಲಸಾದ್ದರಿಂದ ಕಂದು ಕೊಡದ ಮೇಲೆ ಒಂದು ಹಳದಿ ಗೆರೆ. ಬಣ್ಣ ಹಚ್ಚಿ ಮರೆಮಾಡಲೇ ಎಂದು ಆಚಾರ್ರು ಕೇಳಿದ್ದರು, ಬೇಡವೆಂದಿದ್ದೆ. ಹಸ್ತಪ್ರತಿ ಸಂಪಾದಿಸುವವರು ತಾವು ಊಹಿಸಿ ತುಂಬಿದ ಅಕ್ಷರವನ್ನು ಕಂಸದಲ್ಲಿಡುತ್ತಾರೆ, ನಾನು ಹನ್ನೆರಡು ವರ್ಷದ ಹಿಂದೆ ಮಾಡದೆ ಬಿಟ್ಟದ್ದು ಅದನ್ನೇ. ಮೇಳವನ್ನೂ ಹೊಸದಾಗಿ ಕಟ್ಟಿದ್ದರು. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ, ಅದು ಮೆದುವಾಗಿರುವಾಗ ಒಂದೊಂದೇ ಮೆಟ್ಟಿಲನ್ನು ಕಿವಿಗೊಟ್ಟು ಕೂರಿಸುವ ಕೆಲಸಕ್ಕೇ ಎರಡು ದಿನ ಹಿಡಿಯಿತಂತೆ.

ಅತ್ತೆ ಮೊದಲು ಕೊಡವನ್ನು ತಟ್ಟಿ ನೋಡಿದರು, ಆಚಾರ್ರು ಮಾಡಿದ ಹಾಗೆಯೇ. ಸಾರಣಿ ತಂತಿಯನ್ನು ಒಮ್ಮೆ ಬರಿದೇ ಮೀಟಿದರು. ಮಹಡಿ ಮನೆಯ ಹುಡುಗಿ ಕೂತು ವರಸೆಗಳನ್ನು ನುಡಿಸಿದಳು. ನಾದ ಮೊದಲಿನಂತಿದೆಯೇ ಎಂದು ಕೇಳಿದೆ. ‘ಮೊದಲು ಹೇಗಿತ್ತು ಅಂತ ನನಗೇ ಮರೆತಿದೆ’ ಎಂದರು ಅತ್ತೆ. ಮೂರನೇ ಮೆಟ್ಟಿಲಿನಲ್ಲಿ ತಂತಿ ಸ್ವಲ್ಪ ಗುಂಯ್‌ಗುಟ್ಟುತ್ತದೆ. ಫೋನ್ ಮಾಡಿದಾಗ ಆಚಾರ್ರು, ಮರ ಇನ್ನೂ ಮಳೆ ಕುಡೀತಿದೆ, ದೀಪಾವಳಿ ಕಳೆದ ಮೇಲೆ ತನ್ನಿ, ಕುದುರೆಯ ಮೇಲಿನ ತಗಡನ್ನು ಒಂದು ಎಳೆ ಉಜ್ಜಿದರೆ ಹೋಗುತ್ತೆ ಎಂದರು. ಹುಡುಗಿ ಅಷ್ಟರವರೆಗೆ ಕಾಯುವುದಿಲ್ಲವಂತೆ. ಸಂಜೆ ಆರಕ್ಕೆ ಮಹಡಿಯಿಂದ ವರಸೆ ಶುರುವಾಗುತ್ತದೆ, ಮೂರನೇ ಮೆಟ್ಟಿಲಿಗೆ ಬಂದಾಗಲೆಲ್ಲ ಕೆಳಗೆ ಅತ್ತೆ ಸೊಪ್ಪು ಸೋಸುವ ಕೈ ನಿಲ್ಲಿಸಿ ತಲೆ ಎತ್ತುತ್ತಾರೆ.